ನಾಲ್ಕು ಗುಳಿ

ಫೋಟೋ ಬಂದದ್ದು ಮಂಗಳವಾರ. ಲೀಡ್ಸಿನಲ್ಲಿ
ಬೆಳಗ್ಗೆಯೇ ಸಂಜೆಯಾಗಿದ್ದ ನವೆಂಬರು.
ಮೂವತ್ತೆಂಟು ಎಂ.ಬಿ.ಯ ಒಬ್ಬ ಹೆಣ್ಣು
ನೆಲ ಬಿಟ್ಟು ಮೂರಡಿ ಮೇಲೆ,
ಕತ್ತು ಹಿಂದಕ್ಕೆ, ಕೂದಲು ಇನ್ನೂ ಹಿಂದಕ್ಕೆ,
ಎಡಗಾಲ ಹೆಬ್ಬೆರಳು ಚೌಕಟ್ಟಿನಾಚೆ.
ಹೆಸರು ನೆರಿಸ್ ಆಪಲ್‌ಯಾರ್ಡ್.
ಸಾಸಿವೆ ಬಣ್ಣದ ಅಂಗಿ. ಬರಿಗಾಲು.
ಹಾರುವವರ ಅಂಗಾಲಿಗೂ ಕೊಳೆಯಿರುತ್ತದೆಂದು
ನಾಲ್ಕು ಪಟ್ಟು ಹಿಗ್ಗಿಸಿದಾಗ ಕಂಡಿತು.

ಜೊತೆಗೆ ಫಿಲಿಪಾಳ ಪಟ್ಟಿ:
ಶೀರ್ಷಿಕೆ ದೊಡ್ಡದಿರಲಿ, ಆದರೆ ಕೂಗಬಾರದು.
ಕೌನ್ಸಿಲ್ಲಿನ ಲಾಂಛನ, ಲಾಟರಿಯವರದ್ದು, ಬ್ರೂವರಿಯದ್ದು,
ಮೂರೂ ಕೆಳಗೆ, ಮೂರೂ ಒಂದೇ ಎತ್ತರ,
ಬ್ರೂವರಿಯವರು ಸ್ಕೇಲಿಟ್ಟು ಅಳೆಯುತ್ತಾರೆ.
ಟಿಕೆಟ್ಟು ಹದಿನಾಲ್ಕು ಪೌಂಡು, ಕೆಲಸವಿಲ್ಲದವರಿಗೆ ಆರು.
ಕೊನೆಗೆ, ಮರೆತು ನೆನಪಾದಂತೆ:
ದಯವಿಟ್ಟು ಆ ಕೈ ತೆಗೆದುಬಿಡು.
ಅವನು ಈಗ ನಮ್ಮ ಜೊತೆ ಇಲ್ಲ.

ಇಲ್ಲ ಎಂದರೆ ಹೋದನೋ,
ಹೋಗಿಯೇಬಿಟ್ಟನೋ.
ಕೇಳೋಣವೆಂದು ಒಂದು ಸಾಲು ಬರೆದೆ, ಅಳಿಸಿದೆ.
ಗಂಟೆಗೆ ಇಪ್ಪತ್ತೆರಡು ಪೌಂಡಿನವಳು
ಕೇಳುವ ಪ್ರಶ್ನೆಯಲ್ಲ.

ಬಲ ಅಂಚಿನಿಂದ ಒಳಗೆ ಚಾಚಿದ ಕೈ.
ಮೈಯಿಲ್ಲ, ಮುಖವಿಲ್ಲ,
ಮಣಿಕಟ್ಟಿನಲ್ಲಿ ಗಡಿಯಾರ ಬಿಚ್ಚಿಟ್ಟ ಗುರುತು,
ಅವಳ ಸೊಂಟಕ್ಕೆ ಆತುಕೊಂಡ ಅಂಗೈ.

ಮೊಣಕೈಯಿಂದ ಶುರುಮಾಡಿದೆ.
ಪಕ್ಕದ ಬೂದು ಗೋಡೆಯಿಂದ ಚೂರು ಚೂರೇ ಎತ್ತಿ
ಗಾರೆಯವಳ ಹಾಗೆ ಮೆತ್ತಿದೆ.
ಮುಂಗೈ ಹೋಯಿತು. ಗಡಿಯಾರದ ಗುರುತು ಹೋಯಿತು.
ಹೆಬ್ಬೆರಳು ಮಾತ್ರ ಸತಾಯಿಸಿತು,
ಅದರ ಉಗುರಿನಲ್ಲಿ ಸ್ಟುಡಿಯೋದ ಕಿಟಕಿ
ಪುಟ್ಟದೊಂದು ಚೌಕವಾಗಿ ಕೂತಿತ್ತು.
ಎರಡು ಚಹಾ, ಒಂದೂಮುಕ್ಕಾಲು ಗಂಟೆ,
ಕೈ ಮುಗಿಯಿತು.

ಈಗ ಅವಳೊಬ್ಬಳೇ ತೇಲುತ್ತಿದ್ದಳು.
ಫಿಲಿಪಾ ಕೇಳಿದ್ದೂ ಇದನ್ನೇ.
ಆದರೆ ಅಂಗಿಯಲ್ಲಿ ನಾಲ್ಕು ಗುಳಿ.
ಯಾರೂ ಒತ್ತದ ಕಡೆ ಬಟ್ಟೆ ಒಳಸರಿದಿದೆ,
ಗುಳಿ ಗುಳಿಗೂ ನೆರಳಿದೆ, ಅಕ್ಕಿಕಾಳಿನಷ್ಟು.
ಹಾರುವವಳನ್ನು ಯಾರೋ ಹಿಡಿದಿದ್ದಾರೆ, ಯಾರೂ ಇಲ್ಲ.

ಗದಗಿನಲ್ಲಿ ಸೋದರಮಾವ ನಾಟಕ ಕಂಪನಿಗೆ
ಗುಲಾಬಿ ಹ್ಯಾಂಡ್‌ಬಿಲ್ ಅಚ್ಚುಹಾಕುತ್ತಿದ್ದ.
ಹಾರ್ಮೋನಿಯಂ ಮಾಸ್ತರ ಜಗಳಾಡಿ ಬಿಟ್ಟುಹೋದ ರಾತ್ರಿ
ಎಂಟುನೂರು ಹಾಳೆಗೆ ಎಂಟುನೂರು ಚೀಟಿ ಹಚ್ಚಿದೆವು,
ಹಳೇ ಹೆಸರಿನ ಮೇಲೆ ಹೊಸದು. ಅಂಟು ಸವರಿದ್ದು ನಾನು.
ಬಲ್ಬಿಗೆ ಹಿಡಿದರೆ ಎರಡೂ ಹೆಸರು
ಒಂದರೊಳಗೊಂದು ಕಾಲು ತೂರಿಸಿ
ಯಾವುದೂ ಓದಲು ಬಾರದು.
'ಬೆಳಕಿಗೆ ಯಾರ್ ಹಿಡದ್ ನೋಡ್ತಾರ, ಬಿಡವಾ'
ಅಂದಿದ್ದ ಮಾವ.

ಗುಳಿಗಳನ್ನೂ ಒಮ್ಮೆ ಒರೆಸಿ ನೋಡಿದೆ.
ಅಂಗಿ ತಗಡಾಯಿತು.
ಹಿಂದೆ ಬಂದೆ, ಒಂದು ಹೆಜ್ಜೆ, ಮತ್ತೊಂದು,
ಗುಳಿ ನಾಲ್ಕೂ ಮರಳುವ ತನಕ.
ತಾರೀಖನ್ನು ಕೈಯಿದ್ದ ಜಾಗಕ್ಕೆ ತಂದೆ,
ಮೊಣಕೈಯಿಂದ ಬೆರಳಿನಷ್ಟೇ ಉದ್ದ, ಅದೇ ಓರೆ.
'ಓರೆ ಯಾಕೆ?' ಅಂದಳು ಫಿಲಿಪಾ.
'ಚಲನೆಗೆ' ಅಂದೆ. ಒಪ್ಪಿದಳು.

ಹೋಲ್ಬೆಕ್ಕಿನ ಮುದ್ರಕ ಗ್ಲೆಡ್‌ಹಿಲ್
ಕನ್ನಡಕ ಹಣೆಗೇರಿಸಿ, ಪ್ರೂಫಿನ ಮೇಲೆ ಭೂತಗನ್ನಡಿ ಕೂರಿಸಿ
'ಬಟ್ಟೆ ಮೇಲೆ ಏನೋ ಕಲೆ, ತೆಗೆಯಲೇ?' ಅಂದ.
ಅವನಂದದ್ದು ಯಾರ್ಕ್‌ಶೈರಿನ ಇಂಗ್ಲಿಷಿನಲ್ಲಿ.
ಕಲೆ ಎಂದು ಕೇಳಿಸಿಕೊಂಡದ್ದು
ನನ್ನ ಕಿವಿ.
'ಇರಲಿ ಬಿಡಿ' ಅಂದೆ.

ಇನ್ನೂರು ಪ್ರತಿ. ಬಸ್ ನಿಲ್ದಾಣದ ಗಾಜಿಗೆ,
ಲೈಬ್ರರಿಗೆ, ಕಾಲುವೆ ಪಕ್ಕದ ಮೀನು-ಚಿಪ್ಸಿನಂಗಡಿಗೆ.
ಬ್ರೂವರಿಯವರು ಅಳೆದರಂತೆ. ಸರಿಯಿತ್ತಂತೆ.

ಪುಕ್ಕಟೆ ಟಿಕೆಟ್ಟಿನಲ್ಲಿ ಕೊನೆಯ ಸಾಲಿನಿಂದ ನೋಡಿದೆ.
ಅದೇ ಸಾಸಿವೆ ಅಂಗಿ, ಅದೇ ನೆಗೆತ.
ಹೊಸ ಹುಡುಗನ ಅಂಗೈ
ಒಂದಂಗುಲ ಕೆಳಗೆ ಕೂತಿತು.
ಅವಳು ಅಲ್ಲೇ, ಗಾಳಿಯಲ್ಲೇ,
ಸ್ವಲ್ಪ ಸರಿದುಕೊಂಡಳು.